ಹಿಡಿತ ಎಷ್ಟು ಬಿಗಿ? ಔಷಧದ ಅಣು, ಪ್ರೋಟೀನು ಮತ್ತು ನಿಮ್ಮ ಪ್ರಶ್ನೆಗಳು

ಔಷಧವಾಗಬಹುದಾದ ಅಣುವೊಂದು ತನ್ನ ಗುರಿ ಪ್ರೋಟೀನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಅಳೆಯುವ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯ ಅಂಕಣ ಮೀಸಲು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ, ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇವೆ.

ಪ್ರಶ್ನೆ: "ಈ ಅಣು 5 ನ್ಯಾನೊಮೋಲಾರ್ ಬಲದಿಂದ ಅಂಟುತ್ತದೆ" ಎಂದು ಲೇಖನಗಳಲ್ಲಿ ಓದುತ್ತೇನೆ. ಮೋಲಾರ್ ಎನ್ನುವುದು ದ್ರಾವಣದ ಸಾರತೆಯ ಅಳತೆ. ಬಲವನ್ನು ಸಾರತೆಯಲ್ಲಿ ಹೇಳುವುದು ಹೇಗೆ? ಅಂಕಿ ಸಣ್ಣದಾದಷ್ಟೂ ಒಳ್ಳೆಯದು ಅನ್ನುವುದೂ ವಿಚಿತ್ರವಾಗಿದೆ. (ಫಾರ್ಮಸಿ ವಿದ್ಯಾರ್ಥಿನಿ)

ಉತ್ತರ: ಅದು ಬಲದ ಅಂಕಿಯಲ್ಲ, ಅಗತ್ಯದ ಅಂಕಿ. ಪ್ರೋಟೀನಿನ ಅಣುಗಳಲ್ಲಿ ಸರಿಯಾಗಿ ಅರ್ಧದಷ್ಟು ತುಂಬಿಕೊಳ್ಳಲು ದ್ರಾವಣದಲ್ಲಿ ಎಷ್ಟು ಔಷಧ ಬಿಡಿಯಾಗಿ ತೇಲುತ್ತಿರಬೇಕು ಎಂಬುದೇ ವಿಘಟನಾ ಸ್ಥಿರಾಂಕ. ಪ್ರಯೋಗಾಲಯದ ಮಾತಿನಲ್ಲಿ ಕೆ-ಡಿ. ಹಿಡಿತ ಬಿಗಿಯಾಗಿದ್ದರೆ ಸ್ವಲ್ಪ ಔಷಧವೇ ಸಾಕು, ಆದ್ದರಿಂದ ಅಂಕಿ ಸಣ್ಣದು. ಹಿಡಿತ ಸಡಿಲವಾಗಿದ್ದರೆ ಹೆಚ್ಚು ಬೇಕು, ಅಂಕಿ ದೊಡ್ಡದು.

"ಬಿಡಿಯಾಗಿ" ಎಂಬ ಪದದ ಮೇಲೆ ಬೆರಳಿಟ್ಟುಕೊಳ್ಳಿ. ಟ್ಯೂಬಿಗೆ ಹಾಕಿದ ಒಟ್ಟು ಔಷಧವಲ್ಲ, ಪ್ರೋಟೀನಿಗೆ ಅಂಟದೆ ಉಳಿದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಈ ಅಂಕಣದ ಅರ್ಧ ತಕರಾರುಗಳು ಈ ಒಂದು ಪದದಿಂದಲೇ ಹುಟ್ಟಿವೆ.

ಬಿಡಿ ಔಷಧ ಕೆ-ಡಿಯಷ್ಟೇ ಇದ್ದರೆ ಪ್ರೋಟೀನಿನ ಶೇ. 50 ತುಂಬುತ್ತದೆ. ಒಂಬತ್ತು ಪಟ್ಟು ಇದ್ದರೆ ಶೇ. 90. ಶೇ. 99 ಬೇಕೆಂದರೆ ತೊಂಬತ್ತೊಂಬತ್ತು ಪಟ್ಟು ಸುರಿಯಬೇಕು. ಕೊನೆಯ ಒಂಬತ್ತು ಅಂಶ ಏರಿಸಲು ಹನ್ನೊಂದು ಪಟ್ಟು ಹೆಚ್ಚು ಔಷಧ! ಶಕ್ತಿಯ ಭಾಷೆಯಲ್ಲೇ ಬೇಕೆಂದರೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಮೈಕ್ರೊಮೋಲಾರ್ ಕೆ-ಡಿ ಎಂದರೆ ಮೋಲ್ ಒಂದಕ್ಕೆ ಸುಮಾರು 8.2 ಕಿಲೊಕ್ಯಾಲೊರಿ. 1 ನ್ಯಾನೊಮೋಲಾರ್ ಎಂದರೆ ಸುಮಾರು 12.3. ಹಿಡಿತ ಹತ್ತು ಪಟ್ಟು ಬಿಗಿಯಾಗಲು 1.36 ಕಿಲೊಕ್ಯಾಲೊರಿ ಸಾಕು. ಒಂದು ಒಳ್ಳೆಯ ಹೈಡ್ರೊಜನ್ ಬಂಧ ಕೂಡಿದರೆ ಅಥವಾ ತಪ್ಪಿದರೆ ಅಂಕಿ ಹತ್ತು ಪಟ್ಟು ಅಲುಗಾಡುವುದು ಇದೇ ಕಾರಣಕ್ಕೆ.

ಪ್ರಶ್ನೆ: ಪ್ರೋಟೀನಿನ ಪ್ರತಿದೀಪ್ತಿ (ಬೆಳಕು ಹೀರಿ ಮತ್ತೆ ಬೆಳಗುವಿಕೆ) ಬದಲಾಗುವುದನ್ನು ನೋಡಿ ಕೆ-ಡಿ ಅಳೆಯುತ್ತಿದ್ದೇನೆ. ಪ್ರೋಟೀನನ್ನು 50 ನ್ಯಾನೊಮೋಲಾರ್ ಇಟ್ಟು ಔಷಧವನ್ನು ಏರಿಸುತ್ತ ಹೋದಾಗ ಅರ್ಧದ ಬಿಂದು 30 ನ್ಯಾನೊಮೋಲಾರ್‌ನಲ್ಲಿ ಸಿಕ್ಕಿತು. ಸಂಕೇತ ಇನ್ನಷ್ಟು ಸ್ಪಷ್ಟವಾಗಲೆಂದು ಪ್ರೋಟೀನನ್ನು 200ಕ್ಕೆ ಏರಿಸಿದೆ. ಈಗ ಅರ್ಧದ ಬಿಂದು 105! ಯಾವುದು ಸರಿ? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಅಳತೆ ಎರಡೂ ಸರಿ, ಕೆ-ಡಿ ಎಂದು ಕರೆದದ್ದು ಮಾತ್ರ ಎರಡೂ ತಪ್ಪು. ನಿಮ್ಮ ಅಣುವಿನ ಕೆ-ಡಿ ಸುಮಾರು 5 ನ್ಯಾನೊಮೋಲಾರ್.

ಲೆಕ್ಕ ನೋಡಿ. ಅರ್ಧ ತುಂಬಿದ ಗಳಿಗೆಯಲ್ಲಿ ಪ್ರೋಟೀನಿನ ಅರ್ಧ ಭಾಗ ಅಷ್ಟೇ ಸಂಖ್ಯೆಯ ಔಷಧದ ಅಣುಗಳನ್ನು ನುಂಗಿರುತ್ತದೆ. ಆದ್ದರಿಂದ ನೀವು ಹಾಕಿದ ಒಟ್ಟು ಔಷಧ ಎಂದರೆ ಕೆ-ಡಿ ಮತ್ತು ಪ್ರೋಟೀನಿನ ಅರ್ಧ, ಎರಡೂ ಸೇರಿದ್ದು. ಮೊದಲ ಪ್ರಯೋಗದಲ್ಲಿ 30ರಿಂದ 25 ಕಳೆದರೆ 5. ಎರಡನೆಯದರಲ್ಲಿ 105ರಿಂದ 100 ಕಳೆದರೆ ಮತ್ತೆ 5. ಇಷ್ಟು ಅಚ್ಚುಕಟ್ಟಾಗಿ ಹೊಂದುವ ದತ್ತಾಂಶ ಕಳಿಸುವವರು ಕಡಿಮೆ, ನಿಮ್ಮ ಪಿಪೆಟ್ ಕೈ ಚೆನ್ನಾಗಿದೆ.

ಹಾಗಾದರೆ ಕಳೆದುಬಿಟ್ಟರೆ ಮುಗಿಯಿತೇ ಎಂದರೆ, ಇಲ್ಲ. ಪ್ರೋಟೀನಿನ ಸಾರತೆ ಅಳೆಯುವಾಗ ಶೇ. 5 ತಪ್ಪಾಯಿತು ಅನ್ನಿ. ಅದು ತೀರ ಸಾಮಾನ್ಯ ತಪ್ಪು. 200ರಲ್ಲಿ ಅದು 10, ಅದರ ಅರ್ಧ 5. ಅಂದರೆ ನಿಮ್ಮ ಕೆ-ಡಿ ಸೊನ್ನೆಯೂ ಆಗಬಹುದು, 10 ಕೂಡ ಆಗಬಹುದು. 50ರಲ್ಲಿ ಇದೇ ತಪ್ಪು 1.25 ನ್ಯಾನೊಮೋಲಾರ್ ಮಾತ್ರ ಅಲ್ಲಾಡಿಸುತ್ತದೆ. ಪ್ರೋಟೀನು ಕೆ-ಡಿಗಿಂತ ಬಹಳ ಹೆಚ್ಚಿದ್ದಾಗ ನೀವು ಹಿಡಿತವನ್ನು ಅಳೆಯುತ್ತಿಲ್ಲ, ಪ್ರೋಟೀನನ್ನು ಎಣಿಸುತ್ತಿದ್ದೀರಿ. ಬ್ಯೂರೆಟ್ ಹಿಡಿದು ಆಮ್ಲ-ಪ್ರತ್ಯಾಮ್ಲ ಅನುಮಾಪನ ಮಾಡಿದ ಹಾಗೆ.

ಸಂಕೇತ ಕೈಕೊಡದ ಮಟ್ಟಿಗೆ ಪ್ರೋಟೀನನ್ನು ಇಳಿಸಿ. ಕೆ-ಡಿ 5 ಇರುವಾಗ 1 ನ್ಯಾನೊಮೋಲಾರ್ ಪ್ರೋಟೀನು ಸಿಕ್ಕರೆ ಉತ್ತಮ, 5ರವರೆಗೂ ನಡೆಯುತ್ತದೆ. ಅದಕ್ಕಿಂತ ಇಳಿಸಲಾಗದಿದ್ದರೆ ಮಾಮೂಲಿ ವಕ್ರರೇಖೆಯ ಬದಲು, ಪ್ರೋಟೀನು ನುಂಗುವ ಔಷಧವನ್ನೂ ಲೆಕ್ಕಕ್ಕೆ ಹಿಡಿಯುವ ವರ್ಗ ಸಮೀಕರಣವನ್ನು ಹೊಂದಿಸಿ. ಕಿಣ್ವದ ಪ್ರಯೋಗಗಳಲ್ಲಿ ಇದೇ ಕೆಲಸಕ್ಕೆ ಬಳಸುವುದು 1969ರ ಮಾರಿಸನ್ ಸಮೀಕರಣ. ಇಷ್ಟು ತಗ್ಗಿದ ಸಾರತೆಗಳಲ್ಲಿ ಪ್ರೋಟೀನು ಪ್ಲಾಸ್ಟಿಕ್ ಗೋಡೆಗೆ ಅಂಟಿ ಮಾಯವಾಗುವುದೂ ಉಂಟು. ಬಫರಿಗೆ ಶೇ. 0.01 ಟ್ವೀನ್-20 ಎಂಬ ಮಾರ್ಜಕ ಹಾಕಿ, ಕಡಿಮೆ ಅಂಟುವ ಪ್ಲೇಟ್ ಬಳಸಿ.

200ರ ಪ್ರಯೋಗವನ್ನು ಎಸೆಯಬೇಡಿ. ಅದರಲ್ಲಿ ರೇಖೆ ನೇರವಾಗಿ ಏರಿ ಮುರಿಯುವ ಬಿಂದು, ನಿಮ್ಮ ಪ್ರೋಟೀನಿನಲ್ಲಿ ನಿಜವಾಗಿ ಜೀವ ಇರುವ ಭಾಗ ಎಷ್ಟು ಎಂದು ಹೇಳುತ್ತದೆ. 280 ನ್ಯಾನೊಮೀಟರ್ ಹೀರಿಕೆ ನೋಡಿ 200 ಎಂದು ಬರೆದಿದ್ದರೂ ರೇಖೆ 120ರಲ್ಲಿ ಮುರಿದರೆ, ಉಳಿದ 80 ಮಡಿಕೆ ಕೆಟ್ಟ ಪ್ರೋಟೀನು ಎಂದೇ ಮೊದಲ ಅನುಮಾನ. ಹೀರಿಕೆಗೆ ಕೆಟ್ಟದ್ದೂ ಒಂದೇ, ಒಳ್ಳೆಯದೂ ಒಂದೇ.

ಪ್ರಶ್ನೆ: ನಮ್ಮಲ್ಲಿ ಎಲ್ಲರೂ ಔಷಧ ಮತ್ತು ಪ್ರೋಟೀನು ಬೆರೆಸಿ 15 ನಿಮಿಷ ಬಿಟ್ಟು ಪ್ಲೇಟ್ ಓದುತ್ತಾರೆ. ಹಿಂದಿನವರು ಹಾಗೆ ಮಾಡುತ್ತಿದ್ದರು ಎಂಬುದಷ್ಟೇ ಕಾರಣ. 15 ನಿಮಿಷ ಸಾಕೇ?

ಉತ್ತರ: ಸಡಿಲ ಅಣುವಿಗೆ ಸಾಕು, ಬಿಗಿ ಅಣುವಿಗೆ ಸಾಲದು. ತಮಾಷೆ ಎಂದರೆ, ನಿಮ್ಮ ಅತ್ಯುತ್ತಮ ಅಣುಗಳೇ ಇದರಿಂದ ಪೆಟ್ಟು ತಿನ್ನುವುದು.

ಕೆ-ಡಿ ಎನ್ನುವುದು ಎರಡು ವೇಗಗಳ ಅನುಪಾತ: ಬಿಡುವ ವೇಗವನ್ನು ಕೂಡುವ ವೇಗದಿಂದ ಭಾಗಿಸಿದ್ದು. ಕೂಡುವ ವೇಗಕ್ಕೆ ಒಂದು ಸಾಧಾರಣ ಬೆಲೆ ಹಿಡಿಯೋಣ, ಮೋಲಾರ್ ಒಂದಕ್ಕೆ ಸೆಕೆಂಡಿಗೆ ಹತ್ತು ಲಕ್ಷ. ಕೆ-ಡಿ 1 ಮೈಕ್ರೊಮೋಲಾರ್ ಇದ್ದರೆ ಅಣು ಒಂದು ಸೆಕೆಂಡಿನೊಳಗೇ ಬಿಟ್ಟು ಹೋಗುತ್ತದೆ, ಸಮತೋಲನ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಕೆ-ಡಿ 1 ನ್ಯಾನೊಮೋಲಾರ್ ಇದ್ದರೆ ಬಿಡುಗಡೆಯ ಅರ್ಧಾಯು ಸುಮಾರು ಹನ್ನೊಂದೂವರೆ ನಿಮಿಷ. ಐದು ಅರ್ಧಾಯು ಕಳೆದರೆ ಶೇ. 97 ಸಮತೋಲನ, ಅಂದರೆ ಸುಮಾರು ಒಂದು ಗಂಟೆ. ಕೆ-ಡಿ 10 ಪಿಕೊಮೋಲಾರ್ ಇದ್ದರೆ ಅರ್ಧಾಯು 19 ಗಂಟೆ, ಐದು ಅರ್ಧಾಯು ಎಂದರೆ ನಾಲ್ಕು ದಿನ! 15 ನಿಮಿಷಕ್ಕೆ ಓದಿದರೆ ಈ ಅಣು ಇರುವುದಕ್ಕಿಂತ ಎಷ್ಟೋ ಪಟ್ಟು ದುರ್ಬಲವಾಗಿ ಕಾಣುತ್ತದೆ.

ಪ್ಲೇಟಿನಲ್ಲಿ ಔಷಧ ಹೆಚ್ಚಿರುವ ಗುಂಡಿಗಳು ಬೇಗ ಸಮತೋಲನಕ್ಕೆ ಬರುತ್ತವೆ, ಕಡಿಮೆ ಇರುವವು ನಿಧಾನ. ಆದ್ದರಿಂದ ರೇಖೆಯ ಕೆಳತುದಿಯೇ ಮೊದಲು ಸುಳ್ಳು ಹೇಳುತ್ತದೆ. ರೇಖೆ ಬಲಕ್ಕೆ ಸರಿದು, ಇರಬೇಕಾದದ್ದಕ್ಕಿಂತ ಕಡಿದಾಗುತ್ತದೆ. ನೋಡಲು ಮಾತ್ರ ಚೆಂದವಾಗಿಯೇ ಇರುತ್ತದೆ.

ಪರೀಕ್ಷೆ ಸುಲಭ. ಅದೇ ಪ್ಲೇಟನ್ನು ಮುಚ್ಚಳ ಅಂಟಿಸಿ 15 ನಿಮಿಷ, 1 ಗಂಟೆ, 4 ಗಂಟೆಗೆ ಓದಿ. ಅರ್ಧದ ಬಿಂದು ಎಡಕ್ಕೆ ಸರಿಯುತ್ತಲೇ ಇದ್ದರೆ ಇನ್ನೂ ಕಾಯಬೇಕು. ಎರಡು ಓದಿನಲ್ಲಿ ನಿಂತಲ್ಲೇ ನಿಂತರೆ ಸಾಕು. ಜೊತೆಗೆ ಔಷಧವಿಲ್ಲದ ಪ್ರೋಟೀನಿನ ಗುಂಡಿಗಳೂ ಇರಲಿ. ನಾಲ್ಕು ಗಂಟೆಯಲ್ಲಿ ಪ್ರೋಟೀನೇ ಸತ್ತರೆ ಅಲ್ಲಿ ಗೊತ್ತಾಗುತ್ತದೆ. ಅಂಚಿನ ಗುಂಡಿಗಳು ಮೊದಲು ಒಣಗುತ್ತವೆ, ಅವಕ್ಕೆ ಬರೀ ಬಫರ್ ತುಂಬಿ ಬಿಡಿ. ಹಿಂದಿನವರು ಮಾಡುತ್ತಿದ್ದರು ಎಂಬ ಕಾರಣ ನಿಮ್ಮಲ್ಲಿ ಮಾತ್ರ ಇರುವುದಲ್ಲ. ಪ್ರಕಟವಾದ ಬಂಧನ ಅಳತೆಗಳ ನೂರು ಪ್ರಬಂಧಗಳನ್ನು ಪರಿಶೀಲಿಸಿದ 2020ರ ಸಮೀಕ್ಷೆಯೊಂದರಲ್ಲಿ, ಹೆಚ್ಚಿನವು ಸಮಯ ಬದಲಿಸಿ ನೋಡಿದ್ದಾಗಿ ಹೇಳಿರಲೇ ಇಲ್ಲ.

ಪ್ರಶ್ನೆ: ಐಟಿಸಿ ಯಂತ್ರದಲ್ಲಿ ಅಳೆದಾಗ ಮೊದಲ ಇಂಜೆಕ್ಷನ್‌ನಿಂದ ಕೊನೆಯದರವರೆಗೂ ಒಂದೇ ಎತ್ತರದ ದೊಡ್ಡ ಶಿಖರಗಳು ಬರುತ್ತವೆ. ಇನ್ನೊಂದು ಅಣುವಿಗೆ ರೇಖೆ ಚೆನ್ನಾಗಿ ಬಂದರೂ ಎನ್ ಬೆಲೆ 0.6. ಏನು ತಪ್ಪಾಗಿದೆ?

ಉತ್ತರ: ಓದುಗರಿಗಾಗಿ ಒಂದು ಮಾತು. ಐಟಿಸಿ ಎಂದರೆ ಪ್ರೋಟೀನಿರುವ ಪುಟ್ಟ ಸೆಲ್ಲಿಗೆ ಸಿರಿಂಜಿನಿಂದ ಔಷಧವನ್ನು ತೊಟ್ಟು ತೊಟ್ಟಾಗಿ ಹಾಕಿ, ಪ್ರತಿ ತೊಟ್ಟಿಗೆ ಹುಟ್ಟುವ ಅಥವಾ ಹೀರುವ ಶಾಖವನ್ನು ಅಳೆಯುವ ವಿಧಾನ. ಬಣ್ಣ ಅಂಟಿಸಬೇಕಿಲ್ಲ, ಏನನ್ನೂ ಕಟ್ಟಿಹಾಕಬೇಕಿಲ್ಲ. ಕೆ-ಡಿ, ಶಾಖ, ಒಂದು ಪ್ರೋಟೀನಿಗೆ ಎಷ್ಟು ಔಷಧ ಎಂಬ ಎನ್ ಸಂಖ್ಯೆ, ಮೂರೂ ಒಂದೇ ಓಟದಲ್ಲಿ ಸಿಗುತ್ತವೆ. ಪ್ರೋಟೀನನ್ನು ಮಾತ್ರ ದಂಡಿಯಾಗಿ ತಿನ್ನುತ್ತದೆ.

ಒಂದೇ ಎತ್ತರದ ಶಿಖರಗಳು ಬಂಧನದ್ದಲ್ಲ, ಬಹುಮಟ್ಟಿಗೆ ಡಿಎಂಎಸ್‌ಓದ್ದು. ಔಷಧ ಕರಗಿಸಲು ಬಳಸುವ ಈ ದ್ರಾವಕ ನೀರಿನೊಂದಿಗೆ ಬೆರೆಯುವಾಗ ವಿಪರೀತ ಶಾಖ ಬಿಡುತ್ತದೆ. ಸಿರಿಂಜಿನಲ್ಲಿ ಶೇ. 2, ಸೆಲ್ಲಿನಲ್ಲಿ ಶೇ. 1.8 ಇದ್ದರೂ ಆ ವ್ಯತ್ಯಾಸದ ಶಾಖ ನಿಮ್ಮ ಬಂಧನದ ಶಾಖವನ್ನು ಮುಳುಗಿಸಿಬಿಡುತ್ತದೆ. ಎರಡು ದಿನ ಡಯಾಲಿಸಿಸ್ ಮಾಡಿ ಕೊನೆಗೆ ಡಿಎಂಎಸ್‌ಓ ಅಳೆದರೆ ಬೆಟ್ಟ ಅಗೆದು ಇಲಿ ಹಿಡಿದಂತೆ.

ಹೀಗೆ ಮಾಡಿ. ಪ್ರೋಟೀನನ್ನು ಬಫರಿಗೆ ಎದುರಾಗಿ ರಾತ್ರಿಯಿಡೀ ಡಯಾಲಿಸಿಸ್ ಮಾಡಿ, ಹೊರಗಿನ ಬಫರನ್ನು ಚೆಲ್ಲದೆ ಸೋಸಿ ಇಟ್ಟುಕೊಳ್ಳಿ. ಔಷಧ ಡಿಎಂಎಸ್‌ಓದಲ್ಲಿ 15 ಮಿಲಿಮೋಲಾರ್ ಇದ್ದರೆ, ಅದರ 20 ಮೈಕ್ರೊಲೀಟರನ್ನು ಆ ಬಫರಿನ 980 ಮೈಕ್ರೊಲೀಟರಿಗೆ ಬೆರೆಸಿ: 300 ಮೈಕ್ರೊಮೋಲಾರ್ ಔಷಧ, ಶೇ. 2 ಡಿಎಂಎಸ್‌ಓ. ಪ್ರೋಟೀನಿನ 980 ಮೈಕ್ರೊಲೀಟರಿಗೆ ಅದೇ ಬಾಟಲಿಯ ಬರೀ ಡಿಎಂಎಸ್‌ಓ 20, ಅದೇ ಪಿಪೆಟ್‌ನಿಂದ. ಡಿಎಂಎಸ್‌ಓ ಗಟ್ಟಿ ದ್ರವ. ನಿಧಾನ ಎಳೆದು, ಟಿಪ್ಪಿನ ಹೊರಮೈ ಒರೆಸಿ, ಬಿಟ್ಟ ಮೇಲೆ ಬಫರಿನಲ್ಲಿ ಎರಡು ಸಲ ತೊಳೆದು ಬಿಡಿ. ಔಷಧ ಬೆರೆಸಿದ ನಂತರ ಪಿಎಚ್ ಮತ್ತೊಮ್ಮೆ ನೋಡಿ. ಲವಣ ರೂಪದ ಔಷಧ ಪಿಎಚ್ ಎಳೆದಿದ್ದರೆ ಅದೂ ಶಾಖವೇ. ಟ್ರಿಸ್ ಬಫರ್ ಪ್ರೋಟಾನ್ ಹಿಡಿದಾಗ ಮೋಲ್ ಒಂದಕ್ಕೆ ಸುಮಾರು 11 ಕಿಲೊಕ್ಯಾಲೊರಿ ಬಿಡುತ್ತದೆ, ಫಾಸ್ಫೇಟ್ ಒಂದರ ಆಸುಪಾಸು. ಹಿಡಿತದ ಜೊತೆ ಪ್ರೋಟಾನ್ ಅತ್ತಿತ್ತ ಆಗುವ ಅಣುಗಳಿಗೆ ಬಫರ್ ಬದಲಿಸಿದರೆ ಶಾಖವೇ ಬದಲಾಗುವುದು ಹೀಗೆ. ಪ್ರೋಟೀನು ಉತ್ಕರ್ಷಣಗೊಳ್ಳದಂತೆ ಹಾಕುವ ಡಿಟಿಟಿ ಬೇಡ, ಅದು ಉತ್ಕರ್ಷಣಗೊಳ್ಳುತ್ತ ತಳರೇಖೆಯನ್ನು ಅಲೆದಾಡಿಸುತ್ತದೆ. ಅದರ ಬದಲು ಟಿಸಿಇಪಿ ಹಾಕಿ. ಕೊನೆಗೆ ಅದೇ ಔಷಧವನ್ನು ಪ್ರೋಟೀನಿಲ್ಲದ ಬಫರಿಗೆ ಹಾಕಿದ ಓಟ ಒಂದು ಬೇಕೇ ಬೇಕು. ಅದರಲ್ಲೂ ಅದೇ ದೊಡ್ಡ ಶಿಖರಗಳು ಬಂದರೆ ನಮ್ಮ ಅನುಮಾನ ನಿಜವೆಂದು ತಿಳಿಯಿರಿ.

ಸಾರತೆಯ ಆಯ್ಕೆಗೆ ಸಿ ಎಂಬ ಸಂಖ್ಯೆ ನೋಡಿ: ಸೆಲ್ಲಿನ ಪ್ರೋಟೀನನ್ನು ಕೆ-ಡಿಯಿಂದ ಭಾಗಿಸಿ ಎನ್‌ನಿಂದ ಗುಣಿಸಿದ್ದು. 10ರಿಂದ 100ರೊಳಗಿದ್ದರೆ ರೇಖೆಗೆ ಒಳ್ಳೆಯ ಎಸ್ ಆಕಾರ ಬರುತ್ತದೆ. ಕೆ-ಡಿ 1 ಮೈಕ್ರೊಮೋಲಾರ್ ಎಂದಾದರೆ ಸೆಲ್ಲಿನಲ್ಲಿ 30, ಸಿರಿಂಜಿನಲ್ಲಿ 300. 200 ಮೈಕ್ರೊಲೀಟರ್ ಸೆಲ್ಲಿಗೆ 2 ಮೈಕ್ರೊಲೀಟರಿನಂತೆ 19 ಇಂಜೆಕ್ಷನ್. ಕೊನೆಗೆ ಒಂದು ಪ್ರೋಟೀನಿಗೆ ಎರಡು ಔಷಧದ ಹತ್ತಿರ ತಲುಪುತ್ತೀರಿ. ಮೊದಲಿಗೆ 0.4 ಮೈಕ್ರೊಲೀಟರ್ ಹಾಕಿ ಆ ಬಿಂದುವನ್ನು ಬಿಟ್ಟುಬಿಡಿ, ಸೂಜಿಯ ತುದಿಯಲ್ಲಿ ಸೋರಿ ಬೆರೆತದ್ದು ಅದರಲ್ಲಿರುತ್ತದೆ. ಕೆ-ಡಿ 1 ನ್ಯಾನೊಮೋಲಾರ್ ಆಗಿ ಸೆಲ್ಲಿನಲ್ಲಿ 10 ಮೈಕ್ರೊಮೋಲಾರ್ ಇದ್ದರೆ ಸಿ ಹತ್ತು ಸಾವಿರ. ರೇಖೆ ಮೆಟ್ಟಿಲಾಗುತ್ತದೆ, ಅದರಿಂದ ಕೆ-ಡಿ ಓದುವುದು ಸಾಧ್ಯವಿಲ್ಲ. ಅಂಥಲ್ಲಿ ಸಡಿಲ ಅಣುವನ್ನು ಮೊದಲು ತುಂಬಿಸಿ, ಬಿಗಿ ಅಣುವಿನಿಂದ ಅದನ್ನು ಎಬ್ಬಿಸುವ ಸ್ಪರ್ಧೆಯ ವಿಧಾನವೇ ದಾರಿ.

ಇನ್ನು 0.6. ಒಂದಕ್ಕೊಂದು ಅಂಟುವ ಜೋಡಿಯಲ್ಲಿ ಎನ್ ಒಂದಕ್ಕಿಂತ ಕಡಿಮೆ ಬಂದರೆ ಮೊದಲ ಅನುಮಾನ ಪ್ರೋಟೀನಿನ ಮೇಲೆ: ಶೇ. 60 ಮಾತ್ರ ಜೀವಂತ, ಅಥವಾ ಸಾರತೆ ಹೆಚ್ಚಾಗಿ ಲೆಕ್ಕ ಹಾಕಿದ್ದೀರಿ. ಒಂದಕ್ಕಿಂತ ಹೆಚ್ಚು ಬಂದರೆ ಔಷಧದ ಮೇಲೆ: ತೂಗುವಾಗ ಲವಣ ಮತ್ತು ನೀರಿನ ಭಾರ ಸೇರಿದೆ, ಅಥವಾ ಒಂದಿಷ್ಟು ಕರಗಿಲ್ಲ. ನಿಮ್ಮದು ಮೊದಲನೆಯದು, ಸ್ವಲ್ಪ ನಿರಾಳವಾಗಿರಿ. ಪ್ರೋಟೀನಿನ ಸಾರತೆಯ ತಪ್ಪು ಹೆಚ್ಚೂಕಡಿಮೆ ಎನ್ ಒಂದರಲ್ಲೇ ನಿಲ್ಲುತ್ತದೆ. ಸಿರಿಂಜಿನ ಸಾರತೆಯ ತಪ್ಪಾದರೆ ಕೆ-ಡಿಯನ್ನೂ ಶಾಖವನ್ನೂ ಕೆಡಿಸುತ್ತದೆ.

ಪ್ರಶ್ನೆ: ಎಸ್‌ಪಿಆರ್‌ನಲ್ಲಿ ಚಿಪ್ ಮೇಲೆ 30 ಸಾವಿರ ಡಾಲ್ಟನ್ ಪ್ರೋಟೀನನ್ನು 3000 ಆರ್‌ಯು ಕಟ್ಟಿದ್ದೇವೆ. 300 ಡಾಲ್ಟನ್‌ನ ಅಣು 100 ಮೈಕ್ರೊಮೋಲಾರ್‌ನಲ್ಲಿ 90 ಆರ್‌ಯು ಕೊಟ್ಟಿತು, ತೊಳೆದರೂ ಕೆಳಗೆ ಇಳಿಯಲಿಲ್ಲ. ಬಹಳ ಬಿಗಿ ಅಣು ಸಿಕ್ಕಿತೆಂದು ಸಂಭ್ರಮದಲ್ಲಿದ್ದೇವೆ. ಸರಿಯೇ?

ಉತ್ತರ: ಸಂಭ್ರಮವನ್ನು ಸ್ವಲ್ಪ ಮುಂದೂಡಿ. ಎಸ್‌ಪಿಆರ್ ಯಂತ್ರ ಚಿಪ್ಪಿನ ಮೇಲೆ ಕೂತ ದ್ರವ್ಯರಾಶಿಯನ್ನು ನೋಡುತ್ತದೆ, ಅದನ್ನು ಆರ್‌ಯು ಎಂಬ ಮಾನದಲ್ಲಿ ಹೇಳುತ್ತದೆ. 300 ಡಾಲ್ಟನ್ ಎಂದರೆ ಪ್ರೋಟೀನಿನ ನೂರನೇ ಒಂದು ಭಾಗ. ಪ್ರತಿಯೊಂದು ಪ್ರೋಟೀನಿನ ಮೇಲೂ ಒಂದೊಂದು ಅಣು ಕೂತರೆ ಗರಿಷ್ಠ 30 ಆರ್‌ಯು ಬರಬೇಕು. 90 ಬಂತೆಂದರೆ ಪ್ರತಿ ಪ್ರೋಟೀನಿನ ಮೇಲೆ ಸರಾಸರಿ ಮೂರು ಅಣು. ಕಟ್ಟಿದ ಪ್ರೋಟೀನೆಲ್ಲ ಜೀವಂತವಾಗಿ ಉಳಿಯುವುದಿಲ್ಲವಾದ್ದರಿಂದ ನಿಜಕ್ಕೆ ಇನ್ನೂ ಹೆಚ್ಚು. ಇದು ಒಂದು ಕುಳಿಯಲ್ಲಿ ಕೂತ ಔಷಧವಲ್ಲ, ಮೇಲ್ಮೈಗೆಲ್ಲ ಮೆತ್ತಿಕೊಂಡ ಜಿಗುಟು.

ಬಹಳ ಸಲ ಇದರ ಹಿಂದಿರುವುದು ಗಡ್ಡೆಗಟ್ಟುವಿಕೆ. ನೀರಿಗೆ ಒಗ್ಗದ ಅಣುಗಳು ಕೆಲವು ಮೈಕ್ರೊಮೋಲಾರ್ ದಾಟಿದ ಕೂಡಲೇ ನೂರಾರು ನ್ಯಾನೊಮೀಟರ್ ಅಗಲದ ಕಣಗಳಾಗಿ ಕೂಡಿಕೊಳ್ಳುತ್ತವೆ. ದ್ರಾವಣ ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆ ಕಣಗಳು ಯಾವ ಪ್ರೋಟೀನು ಸಿಕ್ಕರೂ ಹಿಡಿಯುತ್ತವೆ, ಕಿಣ್ವಗಳನ್ನೂ ತಡೆದಂತೆ ತೋರಿಸುತ್ತವೆ. ಬ್ರಯಾನ್ ಶಾಯ್ಚೆಟ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಇದನ್ನು ಬಯಲಿಗೆಳೆದ ಮೇಲೆ ಎಷ್ಟೋ "ಭರವಸೆಯ" ಅಣುಗಳು ಪಟ್ಟಿಯಿಂದ ಹೊರಬಿದ್ದವು. ಅವರು ತೋರಿಸಿದ ಪರೀಕ್ಷೆ ಇಂದಿಗೂ ಅಗ್ಗ: ಕಿಣ್ವದ ಪ್ರಯೋಗಕ್ಕೆ ಶೇ. 0.01 ಟ್ರೈಟಾನ್ ಎಕ್ಸ್-100 ಮಾರ್ಜಕ ಹಾಕಿ ನೋಡಿ. ತಡೆ ಮಾಯವಾದರೆ ಅದು ಗಡ್ಡೆಯ ಕೆಲಸ. ಎಸ್‌ಪಿಆರ್‌ನಲ್ಲಿ ಬಫರಿಗೆ ಶೇ. 0.05 ಪಿ20 ಮಾರ್ಜಕ ಹಾಕಿ, ಔಷಧದ ದ್ರಾವಣವನ್ನು ಹತ್ತು ನಿಮಿಷ ಜೋರಾಗಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನಷ್ಟೇ ಹಾಯಿಸಿ.

ಎರಡನೆಯ ಅನುಮಾನ ಮತ್ತೆ ಡಿಎಂಎಸ್‌ಓ. ಅದರ ಶೇ. 1 ವ್ಯತ್ಯಾಸ ಸಾವಿರ ಆರ್‌ಯು ಮೀರಿ ಎಳೆಯುತ್ತದೆ. ಅಂದರೆ ಶೇ. 0.1 ಹೆಚ್ಚುಕಡಿಮೆಯಾದರೂ ನೂರರಷ್ಟು, ನಿಮ್ಮ ಇಡೀ ಸಂಕೇತಕ್ಕಿಂತ ದೊಡ್ಡದು. ಪಕ್ಕದ ಖಾಲಿ ಚಾನೆಲ್ಲನ್ನು ಕಳೆದರೆ ಬಹುಪಾಲು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ರೋಟೀನು ಇರುವ ಮೇಲ್ಮೈಯಲ್ಲಿ ದ್ರವಕ್ಕೆ ಜಾಗ ಕಡಿಮೆ. ಅದಕ್ಕೇ ಶೇ. 5 ಡಿಎಂಎಸ್‌ಓ ಬಫರಿಗೆ 4.5ರಿಂದ 5.8ರವರೆಗಿನ ಎಂಟು ದ್ರಾವಣ ಹಾಯಿಸಿ ತಿದ್ದುಪಡಿ ರೇಖೆ ಹಾಕುವುದು. ನಿಮ್ಮದು ತೊಳೆದ ಮೇಲೂ ಇಳಿಯದ್ದರಿಂದ ಇದೊಂದೇ ಕಾರಣವಾಗಲಾರದು. ದ್ರಾವಕದ ಜಿಗಿತವಾಗಿದ್ದರೆ ಬಫರ್ ಬಂದ ಕೂಡಲೇ ಕುಸಿಯುತ್ತಿತ್ತು.

ಪ್ರೋಟೀನನ್ನು ಕಟ್ಟುವಾಗಲೂ ಎಚ್ಚರ ಬೇಕು. ಅಮೈನ್ ಜೋಡಣೆ ಎಂಬ ವಿಧಾನ ಪ್ರೋಟೀನಿನ ಅಮೈನೊ ಆಮ್ಲಗಳಾದ ಲೈಸೀನ್‌ಗಳನ್ನು ಹಿಡಿಯುತ್ತದೆ. ಕುಳಿಯೊಳಗೇ ಲೈಸೀನ್ ಇದ್ದರೆ ಬಾಗಿಲಿಗೇ ಮೊಳೆ ಹೊಡೆದಂತೆ. ಕಟ್ಟುವ ಹೊತ್ತಿನಲ್ಲಿ ಒಂದು ಪರಿಚಿತ ಅಣುವನ್ನು ಕುಳಿಯಲ್ಲಿ ಕೂರಿಸಿಡಿ, ಇಲ್ಲವೇ ಪ್ರೋಟೀನಿನ ತುದಿಗೆ ಬಯೋಟಿನ್ ಜೋಡಿಸಿ ಸ್ಟ್ರೆಪ್ಟಾವಿಡಿನ್ ಚಿಪ್ ಬಳಸಿ. ಆ ಜೋಡಿಯ ಕೆ-ಡಿ ಫೆಮ್ಟೊಮೋಲಾರ್ ಮಟ್ಟದ್ದು, ಪ್ರಯೋಗ ಮುಗಿಯುವವರೆಗೂ ಅಲುಗಾಡದು.

ಕೊನೆಗೂ ಸಭ್ಯವಾಗಿ 30ರ ಕೆಳಗೆ ಉಳಿಯುವ, ನಿಧಾನ ಇಳಿಯುವ ರೇಖೆ ಸಿಕ್ಕರೆ, ತೊಳೆಯುವ ಸಮಯವನ್ನು ಜಿಪುಣತನದಿಂದ ಕೊಡಬೇಡಿ. ಬಿಡುವ ವೇಗ ನಂಬಬೇಕಾದರೆ ಸಂಕೇತ ಕನಿಷ್ಠ ಶೇ. 5 ಇಳಿಯಬೇಕು. ವೇಗ ಸೆಕೆಂಡಿಗೆ ಹತ್ತು ಸಾವಿರದಲ್ಲಿ ಒಂದು ಅಂಶವಾದರೆ ಅದಕ್ಕೆ ಸುಮಾರು ಎಂಟೂವರೆ ನಿಮಿಷ, ಲಕ್ಷದಲ್ಲಿ ಒಂದಾದರೆ ಸುಮಾರು 85 ನಿಮಿಷ ಬೇಕು. ಐದು ನಿಮಿಷ ತೊಳೆದು ಪಿಕೊಮೋಲಾರ್ ಎಂದು ಬರೆದ ಕೋಷ್ಟಕಗಳು ಬೇಕಾದಷ್ಟಿವೆ. ಆ ಅಂಕಿ ಹೇಳಿದ್ದು ಯಂತ್ರದ ತಳರೇಖೆಯ ಜಾರುವಿಕೆಯೇ ಹೊರತು ಔಷಧವಲ್ಲ.

ಪ್ರಶ್ನೆ: ಥರ್ಮಲ್ ಶಿಫ್ಟ್ ಪ್ರಯೋಗದಲ್ಲಿ ಒಂದು ಅಣು ಪ್ರೋಟೀನಿನ ಕರಗುವ ತಾಪವನ್ನು (ಬಿಸಿಗೆ ಮಡಿಕೆ ಬಿಚ್ಚಿಕೊಳ್ಳುವ ತಾಪ) 6 ಡಿಗ್ರಿ ಏರಿಸಿತು, ಇನ್ನೊಂದು 3 ಡಿಗ್ರಿ. ಮೊದಲನೆಯದು ಎರಡು ಪಟ್ಟು ಬಿಗಿಯೇ?

ಉತ್ತರ: ಹಾಗೆ ಓದಲಾಗದು. ಅದೇ ಪ್ರೋಟೀನು, ಅದೇ ಸಾರತೆಯಲ್ಲಿ ಒಂದೇ ಕುಟುಂಬದ ಅಣುಗಳನ್ನು ಮೇಲೆ-ಕೆಳಗೆ ಜೋಡಿಸಲು ಅಡ್ಡಿಯಿಲ್ಲ, ಅಷ್ಟೇ. ಏರಿಕೆ ಕೆ-ಡಿಯ ಜೊತೆಗೆ ಬಂಧನದ ಶಾಖ, ಪ್ರೋಟೀನು ಬಿಚ್ಚಿಕೊಳ್ಳುವ ಶಾಖ, ಹಾಕಿದ ಔಷಧದ ಪ್ರಮಾಣ ಎಲ್ಲವನ್ನೂ ಅವಲಂಬಿಸಿದೆ. ಅದಲ್ಲದೆ ಅಳೆದದ್ದು 50-60 ಡಿಗ್ರಿಯ ಹಿಡಿತ, ನಿಮಗೆ ಬೇಕಾದದ್ದು 37ರದ್ದು. ಬಿಚ್ಚಿಕೊಂಡ ಪ್ರೋಟೀನಿಗೆ ಅಂಟಿ ಬೆಳಗುವ ಸಿಪ್ರೊ ಆರೆಂಜ್ ಬಣ್ಣವನ್ನು 5000 ಪಟ್ಟಿನ ಬಾಟಲಿಯಿಂದ 5 ಪಟ್ಟಿಗೆ ಇಳಿಸಿ, 1ರಿಂದ 5 ಮೈಕ್ರೊಮೋಲಾರ್ ಪ್ರೋಟೀನಿನೊಂದಿಗೆ, 25ರಿಂದ 95 ಡಿಗ್ರಿಗೆ ನಿಮಿಷಕ್ಕೊಂದು ಡಿಗ್ರಿಯಂತೆ ಏರಿಸಿ. ಮಾರ್ಜಕ ಇರುವ ಬಫರ್ ಇಲ್ಲಿ ಬೇಡ. ಬಣ್ಣ ಅದಕ್ಕೇ ಅಂಟಿ ಶುರುವಿನಿಂದಲೇ ಬೆಳಗುತ್ತದೆ.

ಪ್ರಶ್ನೆ: ಒಂದು ಪ್ರಬಂಧದಲ್ಲಿ ಕೈನೇಸ್ ತಡೆಯುವ ಅಣುವಿನ ಐಸಿ50 10 ನ್ಯಾನೊಮೋಲಾರ್, ಇನ್ನೊಂದರಲ್ಲಿ 255. ಅಣುವೂ ಒಂದೇ, ಕಿಣ್ವವೂ ಒಂದೇ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಬಹುದು, ಮೊದಲು ಎಟಿಪಿ (ಕೈನೇಸ್ ಕಿಣ್ವ ಬಳಸುವ ಇಂಧನದ ಅಣು) ಎಷ್ಟಿತ್ತು ಎಂದು ವಿಧಾನದ ಭಾಗದಲ್ಲಿ ಹುಡುಕಿ. ಐಸಿ50, ಅಂದರೆ ಕಿಣ್ವದ ಕೆಲಸವನ್ನು ಅರ್ಧಕ್ಕಿಳಿಸುವ ಔಷಧದ ಸಾರತೆ, ಆ ಪ್ರಯೋಗದ ಸಂಖ್ಯೆ, ಅಣುವಿನ ಸ್ವಂತ ಸಂಖ್ಯೆಯಲ್ಲ. ಔಷಧ ಎಟಿಪಿಯ ಜಾಗಕ್ಕೇ ಸ್ಪರ್ಧಿಸುವುದಾದರೆ 1973ರ ಚೆಂಗ್-ಪ್ರುಸಾಫ್ ಸೂತ್ರ ಕೆಲಸಕ್ಕೆ ಬರುತ್ತದೆ: ಎಟಿಪಿಯನ್ನು ಅದರ ಕೆ-ಎಂನಿಂದ (ಕಿಣ್ವ ಅರ್ಧ ವೇಗ ಮುಟ್ಟುವ ಎಟಿಪಿ ಸಾರತೆ) ಭಾಗಿಸಿ, ಒಂದು ಕೂಡಿಸಿ, ಅದರಿಂದ ಐಸಿ50ಯನ್ನು ಭಾಗಿಸಿ. ಕೆ-ಎಂ 20 ಮೈಕ್ರೊಮೋಲಾರ್ ಎಂದುಕೊಳ್ಳಿ. ಮೊದಲನೆಯವರು ಎಟಿಪಿಯನ್ನೂ 20 ಇಟ್ಟಿದ್ದರೆ 10ನ್ನು 2ರಿಂದ ಭಾಗಿಸಬೇಕು, ಕೆ-ಐ (ತಡೆಯುವ ಅಣುವಿನ ಕೆ-ಡಿ) 5. ಎರಡನೆಯವರು 1 ಮಿಲಿಮೋಲಾರ್ ಇಟ್ಟಿದ್ದರೆ 255ನ್ನು 51ರಿಂದ ಭಾಗಿಸಬೇಕು, ಅದೂ 5. ಜೀವಕೋಶದೊಳಗೆ ಎಟಿಪಿ ಮಿಲಿಮೋಲಾರ್ ಮಟ್ಟದಲ್ಲಿರುತ್ತದೆ. ಆದ್ದರಿಂದ ಕೋಶದಲ್ಲಿ ಏನಾದೀತು ಎಂದು ಊಹಿಸಲು ಎರಡನೆಯ ಅಂಕಿಯೇ ಹತ್ತಿರದ್ದು.

ಸೂತ್ರಕ್ಕೊಂದು ಮಿತಿ ಇದೆ. ಐಸಿ50 ಎಂದಿಗೂ ಜೀವಂತ ಕಿಣ್ವದ ಅರ್ಧಕ್ಕಿಂತ ಕೆಳಗೆ ಬರಲಾರದು. 20 ನ್ಯಾನೊಮೋಲಾರ್ ಕಿಣ್ವ ಹಾಕಿದ ಪ್ರಯೋಗದಲ್ಲಿ ಹತ್ತು ಅಣುಗಳಿಗೆ ಸಾಲಾಗಿ 10, 11, 10 ಎಂದು ಬರುತ್ತಿದ್ದರೆ, ನಿಮ್ಮ ಅಳತೆಗೋಲಿನ ತುದಿ ಮುಗಿದಿದೆ.

ಪ್ರಶ್ನೆ: ಪ್ರೋಟೀನಿನ ಅಮೈನೊ ಆಮ್ಲವಾದ ಸಿಸ್ಟೀನ್‌ಗೆ ಖಾಯಂ ಬಂಧ ಹಾಕುವ ಅಣುಗಳಿಗೂ ಕೆ-ಡಿ ಹೇಳಬಹುದೇ?

ಉತ್ತರ: ಬೇಡ. ರಕ್ತದ ಕ್ಯಾನ್ಸರಿನ ಔಷಧ ಇಬ್ರುಟಿನಿಬ್ ಬಿಟಿಕೆ ಪ್ರೋಟೀನಿನ 481ನೇ ಸಿಸ್ಟೀನನ್ನು ಹಿಡಿದ ಮೇಲೆ ಬಿಡುವುದೇ ಇಲ್ಲ, ಸಮತೋಲನ ಎಂಬ ಮಾತೇ ಬರುವುದಿಲ್ಲ. ಐಸಿ50 ಅಳೆದರೆ ಕಾದಷ್ಟೂ ಇಳಿಯುತ್ತಲೇ ಹೋಗುತ್ತದೆ. ಮೊದಲ ಹಿಡಿತದ ಕೆ-ಐ ಮತ್ತು ಬಂಧ ಬೀಳುವ ವೇಗ, ಎರಡನ್ನೂ ಬೇರೆಯಾಗಿ ಅಳೆದು ಅವುಗಳ ಅನುಪಾತದಿಂದ ಅಣುಗಳನ್ನು ಹೋಲಿಸಿ.

ಪ್ರಶ್ನೆ: ಕೆ-ಡಿ ಒಂದೇ ಇರುವ ಎರಡು ಔಷಧಗಳಲ್ಲಿ ಒಂದು ದಿನಕ್ಕೊಮ್ಮೆ ಸಾಕು, ಇನ್ನೊಂದು ನಾಲ್ಕು ಸಲ ಬೇಕು ಎಂದರೆ ಹೇಗೆ?

ಉತ್ತರ: ಅನುಪಾತ ಒಂದೇ ಇದ್ದರೂ ವೇಗಗಳು ಬೇರೆ ಇರಬಹುದು. ಉಸಿರಾಟದ ಔಷಧಗಳಾದ ಟಿಯೊಟ್ರೋಪಿಯಂ ಮತ್ತು ಇಪ್ರಾಟ್ರೋಪಿಯಂ ಒಂದೇ ಎಂ3 ಗ್ರಾಹಿಯನ್ನು ಹಿಡಿಯುತ್ತವೆ. 1990ರ ದಶಕದ ಅಳತೆಗಳಲ್ಲಿ ಮೊದಲನೆಯದು ಬಿಟ್ಟುಹೋಗುವ ಅರ್ಧಾಯು ಸುಮಾರು 35 ಗಂಟೆ, ಎರಡನೆಯದರದ್ದು ಕಾಲು ಗಂಟೆ. ದೇಹದಿಂದ ಔಷಧ ಹೊರಹೋಗುವ ವೇಗ, ಅಂಗಾಂಶದಲ್ಲಿ ಉಳಿಯುವಿಕೆ ಇವೂ ಸೇರಿಕೊಳ್ಳುವುದರಿಂದ ಹಿಡಿತದ ಅವಧಿಯೊಂದನ್ನೇ ಹೊಣೆ ಮಾಡಬೇಡಿ.

ಪ್ರಶ್ನೆ: ಕಂಪ್ಯೂಟರಿನಲ್ಲೇ ಹಿಡಿತ ಲೆಕ್ಕ ಹಾಕಬಹುದಾದರೆ ಇಷ್ಟೆಲ್ಲ ಯಾಕೆ?

ಉತ್ತರ: ಒಳ್ಳೆಯ ಲೆಕ್ಕಾಚಾರಗಳು ಅನುಕೂಲದ ಸಂದರ್ಭಗಳಲ್ಲಿ ಸುಮಾರು 1 ಕಿಲೊಕ್ಯಾಲೊರಿಯಷ್ಟು ತಪ್ಪುತ್ತವೆ. ಸಣ್ಣದೆನಿಸಿದರೂ ಅದು ಕೆ-ಡಿಯಲ್ಲಿ 5.4 ಪಟ್ಟು. ಸಾವಿರ ಅಣುಗಳಲ್ಲಿ ಯಾವ ಐವತ್ತನ್ನು ತಯಾರಿಸಬೇಕು ಎಂದು ಆರಿಸಲು ಅದು ಸಾಕು, ಆ ಐವತ್ತರಲ್ಲಿ ಯಾವುದು ಮೇಲು ಎನ್ನಲು ಸಾಲದು. ಅಣುವನ್ನು ಕಂಪ್ಯೂಟರಿನಲ್ಲಿ ಕುಳಿಗೆ ಕೂರಿಸಿ ನೋಡುವ ಮಾಮೂಲಿ ಡಾಕಿಂಗ್ ಅಂಕಗಳನ್ನಂತೂ ಕೆ-ಡಿಯ ಬದಲಿಗೆ ಬರೆಯಲೇಬೇಡಿ.

ಪ್ರಶ್ನೆ: ಮೂರು ತಿಂಗಳ ಹಿಂದೆ 40 ನ್ಯಾನೊಮೋಲಾರ್ ಕೊಟ್ಟ ಅಣು ಈಗ 150 ಕೊಡುತ್ತಿದೆ. ಪ್ರೋಟೀನು ಹೊಸದು, ಬಫರ್ ಹೊಸದು.

ಉತ್ತರ: ಹಳೆಯದಾಗಿ ಉಳಿದದ್ದು ಔಷಧದ ಬಾಟಲಿ ಒಂದೇ. ಅಲ್ಲಿಂದ ಶುರು ಮಾಡಿ. ಡಿಎಂಎಸ್‌ಓ ಗಾಳಿಯ ತೇವವನ್ನು ಹೀರುತ್ತದೆ. ಪ್ರತಿ ಸಲ ತೆರೆದಾಗಲೂ ಸ್ವಲ್ಪ ನೀರು ಸೇರಿ, ಹೆಪ್ಪುಗಟ್ಟಿ ಕರಗುವಾಗ ಔಷಧ ತಳಕ್ಕೆ ಹರಳಾಗಿ ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಟ್ಯೂಬನ್ನು ಕೋಣೆಯ ತಾಪಕ್ಕೆ ಬರುವ ಮುನ್ನ ತೆರೆಯಬೇಡಿ, ಬೆಳಕಿಗೆ ಹಿಡಿದು ತಳ ನೋಡಿ, ಹರಳು ಕಂಡರೆ ಬೆಚ್ಚಗೆ ಮಾಡಿ ಚೆನ್ನಾಗಿ ಅಲುಗಿಸಿ. ಒಂದು ತೊಟ್ಟನ್ನು, ಅಣುಗಳನ್ನು ಬೇರ್ಪಡಿಸಿ ತೂಗುವ ಎಲ್‌ಸಿ-ಎಂಎಸ್‌ಗೆ ಕೊಟ್ಟು ಅಣು ಒಡೆದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಅಲ್ಲಿ ಎಲ್ಲ ಸರಿಯಿದ್ದರೆ ಹೊಸ ಪ್ರೋಟೀನಿನ ಸರದಿ: ಹಳೆಯ ಬ್ಯಾಚಿನೊಂದಿಗೆ ಅಳೆದಿಟ್ಟ ಪರಿಚಿತ ಅಣುವೊಂದನ್ನು ಹೊಸದರ ಜೊತೆ ಮತ್ತೆ ಅಳೆಯಿರಿ. ಅದರ ಅಂಕಿ ನಿಂತಲ್ಲೇ ನಿಂತಿದ್ದರೆ ತಪ್ಪು ಬಾಟಲಿಯದ್ದು. ಮುಂದಿನ ಸಲಕ್ಕೆ 10 ಮಿಲಿಮೋಲಾರ್ ದ್ರಾವಣವನ್ನು 20 ಮೈಕ್ರೊಲೀಟರಿನಂತೆ ಪುಟ್ಟ ಟ್ಯೂಬುಗಳಿಗೆ ಹಂಚಿ, ಒಂದು ಟ್ಯೂಬನ್ನು ಒಂದೇ ಸಲ ತೆರೆಯಿರಿ.